ಯಾರೋ ಹೂಡಿದ ವ್ಯೂಹ, ನಮ್ಮ ಮಕ್ಕಳ ಆಟ

ಸಂತಪುರದಲ್ಲಿ ಸಂಜೆ ಹೊತ್ತು ನಾಲ್ಕೈದು ಹುಡುಗರು ಒಂದೆಡೆ ಕುಳಿತು ಮೊಬೈಲ್ ನೋಡುತ್ತಿದ್ದರೆ ಅವರು ಆಡುತ್ತಿದ್ದಾರೆಂದೇ ನಾವು ತಿಳಿಯುತ್ತೇವೆ. ಹತ್ತಿರ ಹೋಗಿ ಕೇಳಿದರೆ ಎಷ್ಟೋ ಸಲ ಆಟ ಇನ್ನೂ ಶುರುವಾಗಿರುವುದಿಲ್ಲ. ಯಾವ ‘ಕಾಂಬಿನೇಶನ್’ ಇಡಬೇಕೆಂಬ ಚರ್ಚೆ ನಡೆದಿರುತ್ತದೆ. ಒಬ್ಬ ಯೂಟ್ಯೂಬಿನಲ್ಲಿ ಕಂಡದ್ದನ್ನು ಹೇಳುತ್ತಾನೆ, ಉಳಿದವರು ಅದನ್ನೇ ಜೋಡಿಸಿಕೊಳ್ಳುತ್ತಾರೆ.

ಆಟದ ಹೆಸರು ಫ್ರೀ ಫೈರ್. ಸಿಂಗಪುರದ ಗರೀನಾ ಕಂಪನಿ 2017ರಲ್ಲಿ ಹೊರತಂದದ್ದು. 50 ಮಂದಿ ದ್ವೀಪವೊಂದಕ್ಕೆ ಇಳಿಯುತ್ತಾರೆ, ಕೊನೆಗೆ ಉಳಿದವನೇ ಗೆದ್ದವನು. 2022ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಇದನ್ನು ನಿಷೇಧಿಸಿದರೂ ಫ್ರೀ ಫೈರ್ ಮ್ಯಾಕ್ಸ್ ಎಂಬ ಇನ್ನೊಂದು ರೂಪ ಉಳಿದುಕೊಂಡಿತು. ಇದರಲ್ಲಿ ಬಹುತೇಕ ಪಾತ್ರಗಳಿಗೆ ಒಂದೊಂದು ಕೌಶಲವಿದೆ. ಅಲೋಕ್ ಸಂಗಡಿಗರ ವೇಗ ಹೆಚ್ಚಿಸಿ ಪ್ರಾಣಶಕ್ತಿ ತುಂಬುತ್ತಾನೆ, ಕ್ರೋನೊ ಗುಂಡು ತಡೆಯುವ ಗುರಾಣಿ ಒಡ್ಡುತ್ತಾನೆ. ಬಟನ್ ಒತ್ತಿದಾಗ ನಡೆಯುವ ಒಂದು ಕೌಶಲ, ತಾನಾಗಿಯೇ ನಡೆಯುವ ಮೂರು, ಇವನ್ನು ಕೂಡಿಸಿದ್ದೇ ಕಾಂಬಿನೇಶನ್. ಅತ್ಯುತ್ತಮವಾದದ್ದನ್ನು ಹುಡುಕಿ ಇಟ್ಟುಕೊಂಡರೆ ಆಟದ ಸೊಗಸು ಹೆಚ್ಚುತ್ತದೆಯೇ? ನಮ್ಮ ಪ್ರಶ್ನೆ ಇಷ್ಟೇ.

ಎಲ್ಲವೂ ಕಾಲಹರಣ ಎಂದು ತಳ್ಳಿಹಾಕುವುದು ಸುಲಭ. ಆದರೆ ಬುಗುರಿಯ ಮೊಳೆಯನ್ನು ಕಲ್ಲಿಗೆ ಉಜ್ಜಿ ಚೂಪು ಮಾಡಿದವರು ನಾವು. ಚಿಣಿಪಣಿಗೆ ತಕ್ಕ ಕೋಲು ಸಿಗುವವರೆಗೆ ಬೇಲಿ ಬೇಲಿ ಅಲೆದವರೂ ನಾವೇ. ಸಾಧನವನ್ನು ಹದಗೊಳಿಸುವುದು ಆಟದ ಒಂದು ಭಾಗ, ಅದರಲ್ಲಿ ನಿಜವಾದ ಖುಷಿ ಇದೆ. ಮೊಳೆ ಎಷ್ಟು ಉಜ್ಜಿದರೆ ಬುಗುರಿ ಹೇಗೆ ತಿರುಗುತ್ತದೆಂಬುದನ್ನು ನಮ್ಮ ಕೈಯೇ ಕಲಿತಿತ್ತು.

ಈ ಹಂಬಲ ಮೊಬೈಲಿನೊಡನೆ ಹುಟ್ಟಿದ್ದಲ್ಲ. ಅಬ್ಬಾಸಿಯರ ಬಗ್ದಾದಿನಲ್ಲಿ ಶತ್ರಂಜ್ ಆಡುತ್ತಿದ್ದವರಿಗೂ ಇದು ಗೊತ್ತಿತ್ತು. (ಆ ಆಟ ಸಮ್ಮತವೇ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ; ಅದು ಬೇರೆ ಚರ್ಚೆ.) ಅಂದಿನ ಆಟ ನಿಧಾನದ್ದು. ಇಂದಿನ ರಾಣಿಯ ಜಾಗದಲ್ಲಿದ್ದ ಮಂತ್ರಿ ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದ. ಆದ್ದರಿಂದ ಆಟಗಾರರು ಕಾಳಗಕ್ಕೆ ಮೊದಲು ತಮ್ಮ ಕಾಯಿಗಳನ್ನು ನೆಚ್ಚಿನ ವ್ಯೂಹವೊಂದಕ್ಕೆ ತರುತ್ತಿದ್ದರು. ಅದಕ್ಕೆ ‘ತಅಬಿಯಾ’ ಎಂದು ಹೆಸರು. ರೆಕ್ಕೆಯುಳ್ಳದ್ದೆಂಬ ಅರ್ಥದ ‘ಮುಜನ್ನಹ್’, ಹರಿಯುವ ಧಾರೆಯೆಂಬ ಅರ್ಥದ ‘ಸಯ್ಯಾಲಾ’ ಹೀಗೆ ಹಲವು. 9ನೆಯ ಶತಮಾನದ ಅಲ್-ಅದ್ಲೀ, ಅವನ ನಂತರದ ಅಸ್-ಸೂಲಿ ಇವನ್ನು ಕುರಿತು ಬರೆದರು. ಎಂದರೆ ಸಿದ್ಧ ವ್ಯೂಹಗಳು ಅಂದೂ ಪುಸ್ತಕದಲ್ಲಿ ಸಿಗುತ್ತಿದ್ದವು. ಆದರೂ ಆಟ ಸಪ್ಪೆಯಾಗಲಿಲ್ಲ. ವ್ಯೂಹ ಆಟಗಾರನನ್ನು ಬಾಗಿಲವರೆಗೆ ತಂದು ಬಿಡುತ್ತಿತ್ತು, ಒಳಗೆ ಅವನೇ ನಡೆಯಬೇಕಿತ್ತು. ಅಸ್-ಸೂಲಿ ಬಿಟ್ಟುಹೋದ ಒಂದು ಸಮಸ್ಯೆಯನ್ನು ಬಿಡಿಸಲು ಸುಮಾರು ಸಾವಿರ ವರ್ಷ ಬೇಕಾಯಿತು!

ಸಿದ್ಧತೆಯೇ ಆಟವನ್ನು ನುಂಗುವ ಅಪಾಯವೂ ಉಂಟು. ಇಂದಿನ ಚದುರಂಗದಲ್ಲಿ ಆರಂಭದ ನಡೆಗಳ ಬಾಯಿಪಾಠ ಮಿತಿಮೀರಿದೆಯೆಂದು ಬೇಸತ್ತ ಬಾಬಿ ಫಿಷರ್, 1996ರಲ್ಲಿ ಹಿಂದಿನ ಸಾಲಿನ ಕಾಯಿಗಳನ್ನು 960 ಬಗೆಯಲ್ಲಿ ಬದಲಿಸಿ ಇಡಬಹುದಾದ ಹೊಸ ಆಟ ಮುಂದಿಟ್ಟ. ಅವನ ದೂರು ಬುದ್ಧಿಯ ಮೇಲಲ್ಲ, ಬಾಯಿಪಾಠದ ಮೇಲೆ.

ಹುಡುಗರು ಬಾಯಿಪಾಠಕ್ಕೆ ಏಕೆ ಒಲಿಯುತ್ತಾರೆ? ತಪ್ಪಿಗೆ ತೆರಬೇಕಾದ ಬೆಲೆ ಒಂದು ಕಾರಣ. 2000ದಲ್ಲಿ ಬಂದ ಡಯಾಬ್ಲೊ 2 ಎಂಬ ಕಂಪ್ಯೂಟರ್ ಆಟದಲ್ಲಿ ಒಮ್ಮೆ ಆರಿಸಿದ ಕೌಶಲವನ್ನು ಹಿಂದಕ್ಕೆ ಪಡೆಯಲು ಬರುತ್ತಿರಲಿಲ್ಲ. ತಪ್ಪು ಮಾಡಿದವನು ಮೊದಲಿನಿಂದ ಶುರು ಮಾಡಬೇಕಿತ್ತು. ಆಯ್ಕೆ ಬದಲಿಸುವ ಅವಕಾಶ ಸಿಕ್ಕಿದ್ದು 2010ರಲ್ಲಿ. ತಪ್ಪಿಗೆ ಕ್ಷಮೆಯಿಲ್ಲದ ಕಡೆ ಯಾರೂ ಪ್ರಯೋಗ ಮಾಡುವುದಿಲ್ಲ, ನಕಲು ಮಾಡುತ್ತಾರೆ.

ಫ್ರೀ ಫೈರಿನಲ್ಲಿ ಬದಲಾವಣೆ ಸುಲಭ, ಆದರೆ ಅಲ್ಲಿ ಹಣದ ಮಾತು ಬರುತ್ತದೆ. ಹಲವು ಪಾತ್ರಗಳಿಗೆ ‘ಡೈಮಂಡ್’ ಬೇಕಾಗುತ್ತಿತ್ತು, ಡೈಮಂಡಿಗೆ ರೂಪಾಯಿ ಬೇಕು. ಫುಟ್‌ಬಾಲ್ ತಾರೆ ರೊನಾಲ್ಡೊನನ್ನು ಮಾದರಿಯಾಗಿಟ್ಟುಕೊಂಡು ಕ್ರೋನೊ ಬಂದದ್ದು 2020ರ ಡಿಸೆಂಬರಿನಲ್ಲಿ. ಅವನ ಗುರಾಣಿಯಿಲ್ಲದೆ ಗೆಲುವಿಲ್ಲ ಎಂಬಂತಾಯಿತು. 2021ರಲ್ಲಿ ಕಂಪನಿಯೇ ಅದರ ಬಲ ತಗ್ಗಿಸಿತು. ಎಲ್ಲರಿಗೂ ಸಮನಾದ ಕಣ ಇರಲೆಂದು ಹೀಗೆ ತಗ್ಗಿಸುವುದು ನ್ಯಾಯವೇ. ಆದರೆ ನಿನ್ನೆ ಮನೆಯವರನ್ನು ಕಾಡಿಬೇಡಿ ಪಡೆದ ‘ಅತ್ಯುತ್ತಮ’ ಇಂದು ಸಾಮಾನ್ಯವಾದಾಗ ಹುಡುಗ ಮತ್ತೆ ಹೊಸ ಅತ್ಯುತ್ತಮದ ಹಿಂದೆ ಓಡುತ್ತಾನೆ. ಈ ಓಟಕ್ಕೆ ಕೊನೆಯಿಲ್ಲ. ಶತ್ರಂಜಿನ ವ್ಯೂಹಕ್ಕೆ ಯಾರೂ ದುಡ್ಡು ಕೊಡಬೇಕಿರಲಿಲ್ಲ. ಎಲ್ಲರ ಮುಂದೆಯೂ ಅವೇ ಹದಿನಾರು ಕಾಯಿಗಳಿದ್ದವು. ಈ ಆಟದ ದೊಡ್ಡ ಕೊರತೆ ನಮಗೆ ಇಲ್ಲಿ ಕಾಣುತ್ತದೆ.

ಆದ್ದರಿಂದ ನಮ್ಮ ಉತ್ತರ ಹೀಗೆ: ತಾನೇ ಯೋಚಿಸಿ, ಸೋತು, ತಿದ್ದಿ ಕಂಡುಕೊಂಡ ಜೋಡಣೆ ಆಟದ ಸೊಗಸು ಹೆಚ್ಚಿಸುತ್ತದೆ. ಎರವಲು ತಂದದ್ದು ಗೆಲುವನ್ನು ಕೊಡಬಹುದು, ಆಟವನ್ನು ಕಸಿದುಕೊಳ್ಳುತ್ತದೆ.

ಇದನ್ನು ಹುಡುಗರಿಗೆ ಮಾತ್ರ ಹೇಳಿದರೆ ಅನ್ಯಾಯವಾದೀತು. ನೀಟ್ ತರಬೇತಿಗೆ ಹೆಸರಾದ ಜಿಲ್ಲೆ ನಮ್ಮದು. ಯಾವ ವಿಷಯ, ಯಾವ ಕೋಚಿಂಗ್, ಯಾವ ಗೈಡ್ ಎಂಬ ಸಿದ್ಧ ಕಾಂಬಿನೇಶನನ್ನು ಮಕ್ಕಳ ಕೈಗಿಟ್ಟವರು ಹಿರಿಯರೇ. ಒಂದು ವರ್ಷ ತಪ್ಪಿದರೆ ಬದುಕೇ ಹೋಯಿತೆಂದು ಹೆದರಿಸಿದವರೂ ನಾವೇ. ತಪ್ಪುವ ಸ್ವಾತಂತ್ರ್ಯವನ್ನು ಓದಿನಲ್ಲಿ ಕಾಣದ ಹುಡುಗ ಅದನ್ನು ಆಟದಲ್ಲೂ ಕೇಳುವುದಿಲ್ಲ.

ಮುಂದಿನ ಸಲ ಮಗನ ಕೈಯಿಂದ ಮೊಬೈಲ್ ಕಿತ್ತುಕೊಳ್ಳುವ ಮೊದಲು ಪಕ್ಕದಲ್ಲಿ ಕುಳಿತು ಕೇಳೋಣ: “ಇದನ್ನೇ ಯಾಕ ಇಟ್ಟಿ?” ಅವನು ಕಾರಣ ಹೇಳಿದರೆ ಒಂದಷ್ಟು ಹೊತ್ತು ಆಡಲಿ. “ಎಲ್ಲಾರೂ ಇದನ್ನೇ ಇಡತಾರ” ಎಂದರೆ, ಒಂದು ಆಟವನ್ನಾದರೂ ಅವನದೇ ಜೋಡಣೆಯಲ್ಲಿ ಆಡಲು ಹೇಳೋಣ. ಸೋತರೆ ಸೋಲಲಿ, ಬೈಯದಿರೋಣ.