ಕೂದಲು ಒಣಗುವ ಹೊತ್ತಿನ ಓದು

ನವಲಗುಂದ, ಅಣ್ಣಿಗೇರಿ ಕಡೆಯ ಮನೆಗಳಲ್ಲಿ ಹೆಂಗಸು ಸುಮ್ಮನೆ ಕೂತರೂ ಯಾರೂ ಹುಬ್ಬು ಗಂಟು ಹಾಕದ ಹೊತ್ತು ಒಂದಿದೆ. ಅದು ತಲೆ ಎರೆದುಕೊಂಡು ಕೂದಲು ಒಣಗಿಸುವ ಹೊತ್ತು. ಹಸಿ ಕೂದಲಿಗೆ ಹೆರಳು ಹಾಕಿದರೆ ಕಮಟು ವಾಸನೆ, ಬಿಚ್ಚಿಕೊಂಡೇ ಒಲೆಯ ಮುಂದೆ ಹೋದರೆ ಸಾರಿನಲ್ಲಿ ಕೂದಲು. ಹಾಗಾಗಿ ಮಾಳಿಗೆಯ ಮೇಲೋ ಹಿತ್ತಲಲ್ಲೋ ಬಿಸಿಲಿಗೆ ಬೆನ್ನು ಕೊಟ್ಟು ಕೂಡುವುದಕ್ಕೆ ಮನೆಯವರ ಒಪ್ಪಿಗೆ ತಾನಾಗಿಯೇ ಸಿಗುತ್ತದೆ. ಕೈ ಎರಡೂ ಖಾಲಿ, ಕಣ್ಣಿಗೆ ಬೆಳಕು ಬೇಕಾದಷ್ಟು. ಕಾದಂಬರಿ ಹಿಡಿಯಲು ಇದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ. ಈ ವಾರ ಹೇಳಬೇಕಾದದ್ದು ಇಷ್ಟು: ಕೂದಲ ಆರೈಕೆ, ಕಾದಂಬರಿಯ ಓದು, ಈ ಎರಡೂ ಸುಖಗಳು ಹದಕ್ಕೆ ಬರುವುದು ಅರವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಮಾಡುವುದೆಲ್ಲ ಒಂದು ಬಗೆಯ ತಾಲೀಮು. ಮುದುಕಿಯ ಕಾಲಹರಣ ಎಂದು ಇವನ್ನು ತಳ್ಳಿಹಾಕುವವರಿಗೆ ಎಣ್ಣೆಯ ಗುಣವೂ ಗೊತ್ತಿಲ್ಲ, ಕಥೆಯ ಗುಣವೂ ಗೊತ್ತಿಲ್ಲ.

ಮೊದಲು ಎಣ್ಣೆಯ ಮಾತು. ವಯಸ್ಸಾದಂತೆ, ಅದರಲ್ಲೂ ಮುಟ್ಟು ನಿಂತ ಮೇಲೆ, ನೆತ್ತಿಯ ಚರ್ಮ ತಾನಾಗಿ ಒಸರುವ ಜಿಡ್ಡು ಕಡಿಮೆಯಾಗುತ್ತದೆ. ಎಳೆ ತೆಳುವಾಗಿ, ಒರಟಾಗಿ, ಬಾಚುವಾಗ ನಡುವೆ ತುಂಡಾಗುತ್ತದೆ. ಇಪ್ಪತ್ತರ ಹುಡುಗಿ ತಿಂಗಳುಗಟ್ಟಲೆ ಎಣ್ಣೆ ಮುಟ್ಟದಿದ್ದರೂ ನಡೆದೀತು, ಅರವತ್ತೈದರವಳಿಗೆ ನಡೆಯುವುದಿಲ್ಲ. ಎಣ್ಣೆಗಳಲ್ಲಿ ಕೊಬ್ಬರಿ ಎಣ್ಣೆಯೇ ಮೇಲು ಎಂಬುದಕ್ಕೆ ಪ್ರಯೋಗದ ಆಧಾರವೂ ಇದೆ. 2003ರಲ್ಲಿ ಮುಂಬೈಯ ಇಬ್ಬರು ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಕೂದಲಿಗೆ ಸವರಿ ನೋಡಿದಾಗ, ತೊಳೆಯುವಾಗ ಸೋರಿಹೋಗುವ ಪ್ರೋಟೀನನ್ನು ಎದ್ದುಕಾಣುವಂತೆ ತಡೆದದ್ದು ಕೊಬ್ಬರಿ ಎಣ್ಣೆಯೊಂದೇ. ಅದರಲ್ಲಿರುವ ಲಾರಿಕ್ ಆಮ್ಲದ ಅಣು ಸಣ್ಣದು, ನೇರವಾದದ್ದು; ಎಳೆಯ ಒಳಗೇ ಇಳಿಯುತ್ತದೆ. (ಆ ಸಂಶೋಧಕರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ ಆಗಿದ್ದರು ಎಂಬುದನ್ನೂ ಹೇಳಿಬಿಡಬೇಕು.) ನಮ್ಮ ಕಡೆ ಔಡಲೆಣ್ಣೆಯ ಮೇಲೆ ಭಕ್ತಿ ಜಾಸ್ತಿ. ಅದು ನೆತ್ತಿಗೆ ತಂಪು, ಕೂದಲಿಗೆ ಹೊಳಪು ಕೊಡುತ್ತದೆ ಎನ್ನುವುದನ್ನು ಒಪ್ಪೋಣ, ಉದುರಿದ ಕೂದಲನ್ನು ಮತ್ತೆ ಹುಟ್ಟಿಸುತ್ತದೆ ಎಂಬ ಮಾತು ಬೇಡ. ಬರೀ ಔಡಲೆಣ್ಣೆ ಅಂಟು. ಕಾಲು ಪಾಲು ಔಡಲ, ಮುಕ್ಕಾಲು ಪಾಲು ಕೊಬ್ಬರಿ, ಇದು ಹದ. ಚಳಿಗಾಲದ ಬೆಳಗ್ಗೆ ಎಣ್ಣೆ ಗಟ್ಟಿಯಾದರೆ ಒಲೆಯ ಮೇಲಿಟ್ಟು ಹೊಗೆಯಾಡಿಸಬಾರದು, ಬಾಟಲಿಯನ್ನು ಬಿಸಿಲಿಗೆ ಇಟ್ಟರೆ ಸಾಕು.

ಎರೆದುಕೊಳ್ಳುವ ನೀರಿನ ವಿಷಯದಲ್ಲಿ ನವಲಗುಂದದ ಎರೆ ಸೀಮೆಯ ಹಿರಿಯರು ರಸಾಯನಶಾಸ್ತ್ರವನ್ನು ಓದದೆಯೇ ಬಲ್ಲವರು. ಇಲ್ಲಿ ನೆಲದಡಿಯ ನೀರು ಬಹಳ ಕಡೆ ಸವಳು, ಕುಡಿಯಲು ಕೆರೆಯ ನೀರೇ ಗತಿ. ಗಡಸು ನೀರಿನಲ್ಲಿ ಸಾಬೂನು ಹಚ್ಚಿದರೆ ನೀರಿನ ಸುಣ್ಣದ ಅಂಶ ಸಾಬೂನಿನ ಜೊತೆ ಸೇರಿ ಕರಗದ ಜಿಗುಟಾಗಿ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಅಂಟವಾಳ, ಸೀಗೆಕಾಯಿಗಳಲ್ಲಿರುವ ಸ್ಯಾಪೋನಿನ್ ಹಾಗೆ ಜಿಗುಟು ಕಟ್ಟುವುದಿಲ್ಲ. ಶಾಂಪೂ ಸಹ ಕಟ್ಟುವುದಿಲ್ಲ, ನಿಜ. ಆದರೆ ಮೊದಲೇ ಒಣಗಿದ ನೆತ್ತಿಯಲ್ಲಿ ಉಳಿದಿದ್ದ ಜಿಡ್ಡನ್ನೂ ಒರೆಸಿಕೊಂಡು ಹೋಗುತ್ತದೆ. ಇನ್ನು ಹಣಗಿ. ಅಗಲ ಹಲ್ಲಿನ ಮರದ ಹಣಗಿಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸುತ್ತ ಬರಬೇಕು, ನೆತ್ತಿಯಿಂದ ಕೆಳಕ್ಕೆ ಎಳೆಯುವುದು ಅವಸರದವರ ಕೆಲಸ. ಸಣ್ಣ ಹಲ್ಲಿನ ಸೀರಣಿಗೆ ಕೊನೆಗೆ. ಹಣಗಿಗೆ ಸಿಕ್ಕ ಕೂದಲನ್ನು ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸಿಟ್ಟು, ಪಾತ್ರೆಯವನು ಬಂದಾಗ ಕೊಟ್ಟು ಬಟ್ಟಲೋ ಪಿನ್ನೋ ಪಡೆಯುವ ವ್ಯವಹಾರ ಇನ್ನೂ ಸತ್ತಿಲ್ಲ. ಹಾಗೆ ಊರೂರಲ್ಲಿ ಕೂಡಿದ ಕೂದಲು ಕೊಪ್ಪಳದ ಪಕ್ಕದ ಭಾಗ್ಯನಗರದಂಥ ಕಡೆ ಹಸನಾಗಿ ವಿಗ್ಗಿನ ವ್ಯಾಪಾರಕ್ಕೆ ಹೋಗುತ್ತದೆ. ಉದುರಿದ ಕೂದಲಿಗೆ ಪೇಟೆ ಬೆಲೆ ಕಟ್ಟುತ್ತದೆ, ತಲೆಯ ಮೇಲೆ ಉಳಿದದ್ದಕ್ಕೆ ಮನೆ ಕಟ್ಟುವುದಿಲ್ಲ.

‘ಈ ವಯಸ್ಸಿನ್ಯಾಗ ಎಂಥಾ ಶೃಂಗಾರ’ ಎಂಬುದು ಮೊದಲ ಆಕ್ಷೇಪ. ಇದು ಬಾಯಿಮಾತಿನ ಚೇಷ್ಟೆಯಂತೆ ಕಂಡರೂ ಅದರ ಹಿಂದೆ ಕ್ರೂರವಾದ ಚರಿತ್ರೆಯಿದೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಆ ಚರಿತ್ರೆಯನ್ನೇ ಹಿಡಿದ ಕಾದಂಬರಿ: ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಒಂದು ಶತಮಾನವನ್ನೇ ಕಂಡ ಹೆಂಗಸಿನ ಬಾಳು. ಮುಡಿ ತೆಗೆಸುವುದು ಬ್ರಾಹ್ಮಣ ಮನೆಗಳ ಕಟ್ಟಳೆಯಾಗಿತ್ತು. ಧಾರವಾಡ ಸೀಮೆಯ ಎಷ್ಟೋ ಒಕ್ಕಲು ಸಮುದಾಯಗಳಲ್ಲಿ ವಿಧವೆಗೆ ಉಡಿಕೆಯ, ಅಂದರೆ ಮರುಮದುವೆಯ, ದಾರಿಯಿತ್ತು, ಕೂದಲೂ ಉಳಿಯುತ್ತಿತ್ತು. ಆದರೆ ಹೂವು ಹೋಯಿತು, ಕನ್ನಡಿಯ ಮುಂದೆ ನಿಲ್ಲುವ ಸಲಿಗೆ ಹೋಯಿತು. ಹೆಣ್ಣಿನ ಕೂದಲು ಗಂಡ ಇರುವವರೆಗಿನ ಆಸ್ತಿ ಎಂಬ ಆ ಲೆಕ್ಕವೇ ಇಂದಿಗೂ ಮುದುಕಿಯ ಎಣ್ಣೆ ಬಟ್ಟಲನ್ನು ಕಂಡು ನಗುತ್ತದೆ. ಇಷ್ಟಕ್ಕೂ ಕೂದಲು ಈ ನೆಲಕ್ಕೆ ಸಣ್ಣ ಮಾತಲ್ಲ. ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸಸಿಂಘನ ಮೊಮ್ಮಗಳು ಎನ್ನುತ್ತದೆ ಕುರಿಕ್ಯಾಲದ ಶಾಸನ. ಆ ಅಬ್ಬಣಬ್ಬೆಯ ಮಗ ಬರೆದ ಭಾರತದಲ್ಲಿ ಯುದ್ಧದ ಕಾವು ಏರುವುದೇ ದ್ರೌಪದಿಯ ಬಿಚ್ಚಿದ ಮುಡಿಯ ಸುತ್ತ. ಕೂದಲನ್ನು ಹಗುರ ವಿಷಯ ಎನ್ನುವವರು ಅಣ್ಣಿಗೇರಿಯಲ್ಲಿ ನಿಂತು ಹಾಗೆನ್ನುವುದು ಕಷ್ಟ.

ಇನ್ನು ಓದು. ಈ ಭಾಗಕ್ಕೆ ಕಾದಂಬರಿಯ ರುಚಿ ಹಚ್ಚಿದ ಗಳಗನಾಥರು (1869–1942) ತಾವೇ ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಕಟ್ಟಿದರು. 1956ರಲ್ಲಿ ಹುಬ್ಬಳ್ಳಿಯಿಂದ ‘ಕಸ್ತೂರಿ’ ಮಾಸಪತ್ರಿಕೆ ಬಂತು. ಅದರ ಕೊನೆಯ ಪುಸ್ತಕ ವಿಭಾಗಕ್ಕಾಗಿಯೇ ಸಂಚಿಕೆ ಕಾಯುತ್ತಿದ್ದ ಮನೆಗಳಿದ್ದವು. ಕೃಷ್ಣಮೂರ್ತಿ ಪುರಾಣಿಕರ ಸಂಸಾರದ ಕಾದಂಬರಿಗಳು ‘ಕುಲವಧು’, ‘ಕರುಣೆಯೇ ಕುಟುಂಬದ ಕಣ್ಣು’ ಎಂದು ಸಿನಿಮಾ ಆಗಿ, ಓದದವರ ಮನೆಗೂ ಹೊಕ್ಕವು. ಇಷ್ಟೆಲ್ಲ ಬಿತ್ತನೆಯಾದ ನೆಲ ಇದು. ಆದರೆ ಕಾದಂಬರಿಗೆ ಒಳ್ಳೆಯ ಓದುಗ ಯಾರು ಎಂದು ಕೇಳಿದರೆ ಕಾಲೇಜು ಹುಡುಗರ ಕಡೆಗೇ ಎಲ್ಲರ ಬೆರಳು. ‘ಶರಪಂಜರ’ವನ್ನೇ ತೆಗೆದುಕೊಳ್ಳಿ. ಹೆರಿಗೆಯ ನಂತರ ಮನಸ್ಸು ಕೆಟ್ಟು, ಆಸ್ಪತ್ರೆಯಲ್ಲಿ ಗುಣವಾಗಿ ಬಂದವಳನ್ನು ಮನೆಯೇ ಮತ್ತೆ ಹುಚ್ಚಿಗೆ ನೂಕುವ ಕಥೆ ಅದು. ಅದರ ಲೇಖಕಿ ತ್ರಿವೇಣಿ 1963ರಲ್ಲೇ ತೀರಿಕೊಂಡರು. ಹದಿನೆಂಟರಲ್ಲಿ ಅದನ್ನು ಓದುವವಳಿಗೆ ನಾಯಕಿ ಕಾವೇರಿಯ ಮೇಲೆ ಕನಿಕರ ಹುಟ್ಟುತ್ತದೆ. ಬಾಣಂತನ ಮಾಡಿಸಿಕೊಂಡು, ಆಮೇಲೆ ನಾಲ್ಕು ಜನರಿಗೆ ಬಾಣಂತನ ಮಾಡಿದವಳು ಓದುವಾಗ ಕನಿಕರದ ಜೊತೆಗೆ ಒಂದು ತನಿಖೆಯೂ ನಡೆಯುತ್ತದೆ: ಯಾವ ಮಾತು ಯಾರ ಬಾಯಿಂದ ಬಂತು, ಯಾರು ಸುಮ್ಮನಿದ್ದರು, ಗಂಡ ಕಣ್ಣು ತಪ್ಪಿಸಿದ್ದು ಯಾವಾಗ. ಬರೆಯುವವರಲ್ಲೂ ವಯಸ್ಸಿನ ಈ ಹದವೇ ಕಾಣುತ್ತದೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ (1963) ಹೊರಬಂದಾಗ ಅವರಿಗೆ ನಲವತ್ತೈದು ದಾಟಿತ್ತು. ‘ಫಣಿಯಮ್ಮ’ ಬಂದದ್ದು ಅರವತ್ತರ ಹೊಸ್ತಿಲಲ್ಲಿ.

ಮನೆತನದ ಕಾದಂಬರಿಗಳು ಹಗುರ ಸರಕು, ಅದೇ ಅತ್ತೆ ಸೊಸೆ ಅದೇ ಕಣ್ಣೀರು, ಟಿವಿ ಧಾರಾವಾಹಿಗೂ ಇದಕ್ಕೂ ಏನು ಫರಕು ಎಂದು ಕೇಳುವ ವಿಮರ್ಶಕರಿದ್ದಾರೆ. ಅವುಗಳಲ್ಲಿ ಸವಕಲು ಬಹಳ ಎಂಬುದು ನಿಜ. ಆದರೆ ಧಾರಾವಾಹಿ ತನ್ನ ವೇಗಕ್ಕೆ ನೋಡುಗರನ್ನು ಎಳೆದುಕೊಂಡು ಹೋಗುತ್ತದೆ. ನಡುವೆ ಬಾಗಿಲು ಬಡಿದರೆ ಆ ದೃಶ್ಯ ಹೋದಂತೆಯೇ. ಪುಸ್ತಕ ಮಡಚಿದಲ್ಲೇ ಕಾಯುತ್ತದೆ, ಬೇಕಾದರೆ ಹಿಂದಿನ ಪುಟಕ್ಕೆ ಮರಳಬಹುದು, ಒಂದು ಮಾತಿನ ಮೇಲೆ ನಿಂತು ಲೇಖಕರ ಜೊತೆ ಜಗಳವಾಡಬಹುದು. ಸವಕಲನ್ನು ಗುರುತಿಸುವ ಕಣ್ಣು ಬರುವುದೂ ಹತ್ತು ಸವಕಲು ಓದಿದ ಮೇಲೆಯೇ. ಮೆಣಸಿನಕಾಯಿಯ ಬಣ್ಣ ನೋಡಿಯೇ ತರ ಹೇಳುವ ಕುಂದಗೋಳದ ಹೆಂಗಸಿಗೆ ಕಾದಂಬರಿಯ ತರ ಹೇಳಲು ಬೇರೆಯವರ ಪಾಠ ಬೇಕಿಲ್ಲ.

ಅಕ್ಷರವೇ ಬಾರದವರ ಮಾತೇನು? ಇದು ಗಟ್ಟಿ ಆಕ್ಷೇಪ. 1961ರ ಜನಗಣತಿಯಲ್ಲಿ ದೇಶದ 100 ಹೆಂಗಸರಲ್ಲಿ ಅಕ್ಷರ ಬಲ್ಲವರು ಸುಮಾರು 15. ಇಂದು ಎಪ್ಪತ್ತು ದಾಟಿದವರು ಆ ಕಾಲದ ಹುಡುಗಿಯರು. ಆದರೆ ಈ ಸೀಮೆಯಲ್ಲಿ ಪುಸ್ತಕವೆಂದರೆ ಕಣ್ಣಿಗಷ್ಟೇ ಸೇರಿದ್ದಲ್ಲ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚುತ್ತಾರೆ, ನವರಾತ್ರಿಯಲ್ಲಿ ಮನೆಮನೆಯಲ್ಲಿ ಚಿದಾನಂದಾವಧೂತರ ದೇವಿ ಪುರಾಣ ನಡೆಯುತ್ತದೆ. ಒಬ್ಬರು ಓದಿದ್ದನ್ನು ದಿನಕ್ಕೊಂದು ಅಧ್ಯಾಯದಂತೆ ಮನಸ್ಸಿನಲ್ಲಿ ಜೋಡಿಸಿಕೊಂಡು ಹೋಗುವ ಅಭ್ಯಾಸ ಇಲ್ಲಿನ ಹೆಂಗಸರಿಗೆ ತಲೆಮಾರುಗಳಿಂದ ಇದೆ. ಮೊಮ್ಮಗಳು ಅಜ್ಜಿಗೆ ಕಾದಂಬರಿ ಓದಿ ಹೇಳುವುದು ಆ ಅಭ್ಯಾಸದ ಮುಂದುವರಿಕೆಯಷ್ಟೇ, ಅದನ್ನು ಓದಲ್ಲವೆಂದು ತಳ್ಳಲಾಗದು.

ಇದಕ್ಕಿಂತ ಚೂಪಾದ ಆಕ್ಷೇಪ ಹೊತ್ತಿನದು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ, ಅದರಲ್ಲಿ ತೊಡಗಿದವರ ಲೆಕ್ಕದಲ್ಲಿ, ಹೆಂಗಸರು ದಿನಕ್ಕೆ ಕೊಡುತ್ತಿದ್ದದ್ದು 299 ನಿಮಿಷ, ಗಂಡಸರು 97. 2024ರ ಸಮೀಕ್ಷೆಗೆ ಹೆಂಗಸರದ್ದು 289ಕ್ಕೆ ಇಳಿಯಿತು, ಗಂಡಸರದ್ದೂ 88ಕ್ಕೆ! ಐದು ವರ್ಷಕ್ಕೆ ಉಳಿದದ್ದು ಹತ್ತು ನಿಮಿಷ, ಒಂದು ಹೆರಳಿನ ಹೊತ್ತು. ಹತ್ತಿ ಬಿಡಿಸುವ, ಮೆಣಸಿನಕಾಯಿ ತೊಟ್ಟು ಮುರಿಯುವ ಸುಗ್ಗಿಯಲ್ಲಿ ಅದೂ ಇಲ್ಲ. ಅತ್ತೆ ಮಾಳಿಗೆಯಲ್ಲಿ ಕಾದಂಬರಿ ಹಿಡಿದರೆ ಕೆಳಗೆ ರೊಟ್ಟಿ ಬಡಿಯುವವಳು ಸೊಸೆ ಎಂಬುದೂ ಸುಳ್ಳಲ್ಲ. ಆದರೆ ಇದಕ್ಕೆ ಅತ್ತೆಯ ಕೈಯಿಂದ ಪುಸ್ತಕ ಕಸಿದುಕೊಳ್ಳುವುದು ಪರಿಹಾರವಾಗದು. ಲೆಕ್ಕ ತಪ್ಪಿರುವುದು ಆ 88 ನಿಮಿಷದಲ್ಲಿ. ಅಲ್ಲಿ ಸರಿಪಡಿಸಿದರೆ ಇಬ್ಬರಿಗೂ ಬಿಸಿಲು ಸಿಗುತ್ತದೆ.

ಉಳಿದದ್ದು ಸಣ್ಣ ಖರ್ಚಿನ ಮಾತುಗಳು. ಮೊದಲನೆಯದು ಚಾಳೀಸು ಬಂದ ಕಣ್ಣಿಗೆ ಹತ್ತಿರದ ಕನ್ನಡಕ. 2018ರಲ್ಲಿ ಪ್ರಕಟವಾದ ಅಸ್ಸಾಮಿನ ಪ್ರಯೋಗವೊಂದರಲ್ಲಿ ನಲವತ್ತು ದಾಟಿದ ಚಹಾ ಕಾರ್ಮಿಕರಿಗೆ ಇಂಥ ಕನ್ನಡಕ ಕೊಟ್ಟಾಗ ಅವರ ಕೊಯ್ಲು ಕನ್ನಡಕ ಸಿಗದವರಿಗಿಂತ ಶೇ 20ಕ್ಕೂ ಹೆಚ್ಚು ಏರಿತು. ಅವರು ಎಷ್ಟು ಎಲೆ ಕೊಯ್ದರೆಂದು ತೂಗಿದ್ದಾರೆ, ಎಷ್ಟು ಪುಟ ಓದಿದರೆಂದು ಯಾರೂ ಕೇಳಲಿಲ್ಲ. ಎರಡನೆಯದು ಪುಸ್ತಕ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಮರುವರ್ಷ ಮಕ್ಕಳಿಗೆಂದು ‘ಓದುವ ಬೆಳಕು’ ಹೊತ್ತಿತು, ಆಮೇಲೆ ಅವು ಅರಿವು ಕೇಂದ್ರಗಳಾದವು. ಒಳ್ಳೆಯದೇ. ಆ ಕೋಣೆಗಳಲ್ಲಿ ಮಕ್ಕಳಿಗೆ ಜಾಗವಿದೆ, ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರಿಗೆ ಜಾಗವಿದೆ. ಅಜ್ಜಿಗೆಂದು ಒಂದು ಕಪಾಟು ಇನ್ನೂ ಬರಬೇಕು. ಆಸೆ ಇಲ್ಲ ಎನ್ನುವಂತಿಲ್ಲ. ರಾಯಬಾಗ ತಾಲ್ಲೂಕಿನ ಮಂಟೂರಿನಲ್ಲಿ ಗ್ರಾಮ ಪಂಚಾಯಿತಿ ಸದಸ್ಯೆಯೊಬ್ಬರು 2024ರಲ್ಲಿ ಗೃಹಲಕ್ಷ್ಮಿ ಯೋಜನೆಯ ಹಣ ಕೂಡಿಸಿ ಊರಿಗೆ ಗ್ರಂಥಾಲಯವನ್ನೇ ಕಟ್ಟಿಸಿದರು. ಕಲಘಟಗಿಯಿಂದ ಧಾರವಾಡಕ್ಕೆ ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟಿಗೆ 2023ರಿಂದ ದುಡ್ಡಿಲ್ಲ. ಅಲ್ಲಿನ ಸುಭಾಷ್ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟವಿದೆ, ಮೆಟ್ಟಿಲು ಏರುವ ಮೊಣಕಾಲು ಬೇಕು ಅಷ್ಟೆ.

ಕೊಳ್ಳುವಾಗ ಒಳಗಿನ ಪುಟ ತೆರೆದು ಅಕ್ಷರದ ಗಾತ್ರ ನೋಡಿ. ಹಳೆಯ ಅಗ್ಗದ ಮುದ್ರಣಗಳಲ್ಲಿ ಒತ್ತಕ್ಷರಗಳು ಒಂದರ ಮೇಲೊಂದು ಹತ್ತಿ ಕೂತಿರುತ್ತವೆ, ಅವನ್ನು ಬಿಡಿಸುವುದರಲ್ಲೇ ಕಥೆಯ ರುಚಿ ಹೋಗುತ್ತದೆ. ಬಹುಕಾಲ ಓದು ಬಿಟ್ಟವರು ಪುರಾಣಿಕರಿಂದಲೋ ತ್ರಿವೇಣಿಯವರಿಂದಲೋ ಶುರುಮಾಡಿ, ‘ಫಣಿಯಮ್ಮ’ಕ್ಕೆ ಬಂದು, ಆಮೇಲೆ ದೊಡ್ಡದಕ್ಕೆ ಕೈ ಹಾಕಿದರೆ ಚೆನ್ನ. ಭೈರಪ್ಪನವರ ‘ಪರ್ವ’ ಎರಡನೆಯ ವರ್ಷಕ್ಕಿರಲಿ. ಅದರ ದ್ರೌಪದಿಯ ಜೊತೆ ವಾದ ಮಾಡಲು ಒಳ್ಳೆಯ ತಯಾರಿ ಬೇಕು, ಮಲಗಿಕೊಂಡು ಓದುವವರ ಮಣಿಕಟ್ಟಿಗೂ ಆ ಪುಸ್ತಕ ಭಾರ.