ಕೋನಗಲ್ ಕಾಳಗದ ಒಂಟಿ ಸಾಕ್ಷಿ
(೧೮೦೦ರ ದಂಡಯಾತ್ರೆಯ ಇತಿಹಾಸಲೇಖನದ ವಿಮರ್ಶೆ)

ವಾಟರ್ಲೂ ಕದನವನ್ನು ಕುರಿತು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೆ ತಿಳಿಯದ ಸಂಗತಿ ಕಡಮೆ. ೧೮೧೫ನೆಯ ಇಸವಿ ಜೂನ್ ೧೮ರಂದು ಸೇನಾನಿ ಗ್ರೂಶಿ ಎಲ್ಲಿ ಉಳಿದುಬಿಟ್ಟನು, ಬ್ಲೂಖರನ ಪ್ರಷ್ಯನ್ ಸೈನ್ಯ ಯಾವ ಹೊತ್ತಿಗೆ ರಣರಂಗವನ್ನು ಸೇರಿತು, ಹಿಂದಿನ ರಾತ್ರಿ ಸುರಿದ ಮಳೆಯಿಂದ ನೆಪೋಲಿಯನ್ನನಿಗೆ ಎಷ್ಟು ವಿಳಂಬವಾಯಿತು ಎಂಬುದನ್ನೆಲ್ಲ ಅವರು ತಡವರಿಸದೆ ಒಪ್ಪಿಸುತ್ತಾರೆ. ಈಚೆಗೆ ಜಯನಗರದ ತರಗತಿಯೊಂದರಲ್ಲಿ ಈ ಪಾಠ ಮುಗಿದ ಮೇಲೆ, ಇದೇ ವೆಲಿಂಗ್ಟನ್ನನು ಅದಕ್ಕೆ ಹದಿನೈದು ವರ್ಷ ಮುಂಚೆ ನಮ್ಮ ತುಂಗಭದ್ರೆಯನ್ನು ದಾಟಿ ಯಾರ ಬೆನ್ನು ಹತ್ತಿ ಹೋದನೆಂದು ಕೇಳಿದೆವು. ಉತ್ತರ ಬರಲಿಲ್ಲ. ಧೋಂಡಿಯ ವಾಘನ ವೃತ್ತಾಂತವನ್ನು ನಾವೇ ಅರ್ಧ ಗಂಟೆ ಹೇಳಿದೆವು. ಕೇಳಿದ ಬಳಿಕ ಹರಿಹರದ ಕಡೆಯಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸಾರ್, ಇದನ್ನೆಲ್ಲ ಧೋಂಡಿಯನ ಕಡೆಯವರು ಯಾರಾದರೂ ಬರೆದಿಟ್ಟಿದ್ದಾರೆಯೆ?" ಎಂದಳು. ನಾವು ಹೇಳಿದ್ದರಲ್ಲಿ ಬಹುಪಾಲು ವೆಲೆಸ್ಲಿಯ ಪತ್ರಗಳಿಂದಲೇ ಬಂದದ್ದೆಂಬುದು ಆ ಗಳಿಗೆಯಲ್ಲಿ ನಮಗೆ ಹೊಳೆಯಿತು. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಮೊದಲು ಘಟನೆಗಳನ್ನು ಸಂಕ್ಷೇಪವಾಗಿ ನೆನೆಯಬಹುದು. (೧೮೦೦ ಎಂಬುದು ಹದಿನೆಂಟನೆಯ ಶತಮಾನದ ಕಡೆಯ ವರ್ಷವೇ ಹೊರತು ಹತ್ತೊಂಬತ್ತನೆಯದರ ಮೊದಲ ವರ್ಷವಲ್ಲವೆಂದು ಲೆಕ್ಕದವರು ಆಕ್ಷೇಪಿಸಿದರೆ ನಮ್ಮ ವಿರೋಧವಿಲ್ಲ. ಅದರ ಪರಿಣಾಮಗಳೆಲ್ಲ ಹತ್ತೊಂಬತ್ತನೆಯ ಶತಮಾನಕ್ಕೆ ಸೇರಿದವು.) ಧೋಂಡಿಯನು ಚನ್ನಗಿರಿಯಲ್ಲಿ ಹುಟ್ಟಿದವನು, ಹೈದರನ ರಾವುತರಲ್ಲಿ ಸೇರಿ ಬೆಳೆದವನು. ಕಾರ್ನ್‌ವಾಲಿಸನ ಯುದ್ಧಕಾಲದಲ್ಲಿ ಮೈಸೂರಿನ ಸೇವೆಯನ್ನು ಬಿಟ್ಟು ಹೋಗಿ, ಉತ್ತರದ ಸೀಮೆಯಲ್ಲಿ ಸ್ವಂತ ದಂಡು ಕಟ್ಟಿದನು. ಮುಂದೆ ಟಿಪ್ಪುವಿನ ಕೈಗೆ ಸಿಕ್ಕಿ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದನು. ೧೭೯೯ನೆಯ ಮೇ ೪ರಂದು ಕೋಟೆ ಬಿದ್ದಾಗ ಸೆರೆಯಿಂದ ಹೊರಬಿದ್ದನು. ಕೆಲಸ ಕಳೆದುಕೊಂಡ ಟಿಪ್ಪುವಿನ ಸೈನಿಕರು ಅವನ ಸುತ್ತ ನೆರೆದರು. ಬಿದನೂರು, ಶಿಕಾರಿಪುರಗಳ ಸೀಮೆ ಕೆಲವು ಕಾಲ ಅವನ ವಶದಲ್ಲಿತ್ತು. ಅದೇ ವರ್ಷ ಆಗಸ್ಟ್ ತಿಂಗಳಲ್ಲಿ ಸ್ಟೀವನ್‌ಸನ್, ಡಾಲ್ರಿಂಪಲ್ ಎಂಬ ಸೇನಾಧಿಕಾರಿಗಳು ಅವನನ್ನು ಪೇಶ್ವೆಯ ಸೀಮೆಗೆ ಅಟ್ಟಿದರು. ಅಲ್ಲಿ ಧೋಂಡೋಪಂತ ಗೋಖಲೆ ಅವನ ಮೇಲೆ ಬಿದ್ದು ಸೋಲಿಸಿದನು. ಇಷ್ಟಾದರೂ ೧೮೦೦ರಲ್ಲಿ ಅವನು ಮೊದಲಿಗಿಂತ ಬಲವಾಗಿ ತಲೆಯೆತ್ತಿದನು.

ಆಗ ಶ್ರೀರಂಗಪಟ್ಟಣದಲ್ಲಿ ಅಧಿಕಾರದಲ್ಲಿದ್ದ ಕರ್ನಲ್ ಆರ್ಥರ್ ವೆಲೆಸ್ಲಿಗೆ ಬಟೇವಿಯದ ಮೇಲೆ ಹೋಗುವ ಸೇನೆಯ ನಾಯಕತ್ವ ಒದಗಿ ಬಂದಿತ್ತು. ಅದನ್ನು ಬಿಟ್ಟು ಅವನು ಜೂನ್ ಕಡೆಯಲ್ಲಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದನು. ರಾಣೆಬೆನ್ನೂರು, ಕುಂದಗೋಳ, ಡಂಬಳದ ಕೋಟೆಗಳು ಒಂದಾದ ಮೇಲೊಂದರಂತೆ ಬಿದ್ದವು. ಇತ್ತ ಜೂನ್ ೩೦ರಂದು ಗೋಖಲೆ ಧೋಂಡಿಯನೊಡನೆ ಹೋರಾಡಿ ಮಡಿದನು. ಜುಲೈ ೩೦ರಂದು ಮಲಪ್ರಭೆಯ ದಡದ ಮುನವಳ್ಳಿಯಲ್ಲಿ ಧೋಂಡಿಯನ ಪಾಳೆಯವೊಂದು ಚೆದುರಿತು. ಸೆಪ್ಟೆಂಬರ್ ೧೦ರಂದು, ಕೃಷ್ಣಾ ತುಂಗಭದ್ರೆಗಳ ನಡುನಾಡಿನಲ್ಲಿ, ಇಂಗ್ಲಿಷ್ ಪತ್ರಗಳು ಕೋನಗಲ್ ಎಂದು ಹೆಸರಿಸುವ ಊರಿನ ಬಳಿ, ವೆಲೆಸ್ಲಿಯು ನಾಲ್ಕು ಕುದುರೆ ರೆಜಿಮೆಂಟುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಸುಮಾರು ೫,೦೦೦ ರಾವುತರ ಮೇಲೆ ನುಗ್ಗಿಸಿದನು. ಧೋಂಡಿಯನು ಅಲ್ಲಿಯೇ ಸತ್ತನು.

ಈ ಕಥನದಲ್ಲಿ ಎಲ್ಲಿಯೂ ಭಿನ್ನಾಭಿಪ್ರಾಯವಿಲ್ಲ. ಯಾವ ಗ್ರಂಥವನ್ನು ತೆರೆದರೂ ಇದೇ ತಾರೀಖು, ಇದೇ ಕ್ರಮ, ಇದೇ ಸಂಖ್ಯೆ. ವಿದ್ಯಾರ್ಥಿಗಳು ಇದನ್ನು ಪ್ರಾಮಾಣ್ಯದ ಲಕ್ಷಣವೆಂದು ಭಾವಿಸುತ್ತಾರೆ. ಹಲವು ವರ್ಷ ನಾವೂ ಹಾಗೆಯೇ ಭಾವಿಸಿದ್ದೆವು. ಆದರೆ ವಾಟರ್ಲೂವಿನೊಡನೆ ಹೋಲಿಸಿದರೆ ಈ ಒಮ್ಮತದ ಬೆಲೆ ಎಷ್ಟೆಂಬುದು ಗೊತ್ತಾಗುತ್ತದೆ. ವಾಟರ್ಲೂವಿನ ವಿಷಯದಲ್ಲಿ ಎರಡು ಗ್ರಂಥಗಳು ಒಂದೇ ಮಾತನ್ನು ಹೇಳುವುದಿಲ್ಲ. ನೆಪೋಲಿಯನ್ನನು ಸೇಂಟ್ ಹೆಲೆನಾ ದ್ವೀಪದಲ್ಲಿ ಕುಳಿತು ತನ್ನ ಪಕ್ಷವನ್ನು ಬರೆಯಿಸಿದನು. ಪ್ರಷ್ಯದ ಕ್ಲೌಸ್‌ವಿಟ್ಸನು ಇಡೀ ದಂಡಯಾತ್ರೆಯನ್ನು ವಿಮರ್ಶಿಸಿ ಗೆದ್ದವನ ತಪ್ಪುಗಳನ್ನೂ ಎಣಿಸಿದನು. ಸೈಬೋರ್ನ್ ಎಂಬ ಇಂಗ್ಲಿಷ್ ಅಧಿಕಾರಿ ಬದುಕಿ ಉಳಿದ ಅಧಿಕಾರಿಗಳಿಗೆಲ್ಲ ಕಾಗದ ಬರೆದು ವಿಚಾರಿಸಿ, ೧೮೪೪ರಲ್ಲಿ ತನ್ನ ಇತಿಹಾಸವನ್ನು ಪ್ರಕಟಿಸಿದನು. ಕದನದ ಚರಿತ್ರೆ ಬರೆಯುವುದು ನೃತ್ಯಕೂಟವೊಂದರ ಚರಿತ್ರೆ ಬರೆದಂತೆಯೇ ಸರಿ ಎಂಬ ಅರ್ಥದಲ್ಲಿ ೧೮೧೫ರಲ್ಲಿಯೇ ಕೈಕೊಡವಿದ್ದ ವೆಲಿಂಗ್ಟನ್ನನೂ ೧೮೪೨ರಲ್ಲಿ ಕ್ಲೌಸ್‌ವಿಟ್ಸನ ಟೀಕೆಗೆ ದೀರ್ಘವಾದ ಸಮಾಧಾನವನ್ನು ಬರೆಯಬೇಕಾಯಿತು. ಗೆದ್ದ ಇಪ್ಪತ್ತೇಳು ವರ್ಷಗಳ ಮೇಲೂ ಅವನು ಉತ್ತರ ಕೊಡಬೇಕಾಗಿತ್ತು. ಕೋನಗಲ್ ವಿಷಯದಲ್ಲಿ ಅವನನ್ನು ಯಾರೂ ಏನೂ ಕೇಳಲಿಲ್ಲ. ೧೮೩೪ರಿಂದ ಗುರ್‌ವುಡ್ಡನು ಪ್ರಕಟಿಸಿದ ಪತ್ರಸಂಪುಟಗಳು, ೧೮೫೮ರಿಂದ ಎರಡನೆಯ ಡ್ಯೂಕನು ಹೊರತಂದ ಪೂರಕ ಸಂಪುಟಗಳು, ಇವೆರಡೇ ಈ ದಂಡಯಾತ್ರೆಯ ಇತಿಹಾಸದ ಊರುಗೋಲು. ತಂದೆಯ ಪತ್ರಗಳಿಗೆ ಮಗನೇ ಸಂಪಾದಕ. ಒಮ್ಮತ ಹುಟ್ಟಿದ್ದು ಸಾಕ್ಷಿಗಳು ಕೂಡಿ ಒಂದೇ ಮಾತು ಹೇಳಿದ್ದರಿಂದಲ್ಲ, ಸಾಕ್ಷಿ ಒಂದೇ ಆದದ್ದರಿಂದ.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿಯೇ ದೊರೆಯುತ್ತದೆ. ೧೭೯೯ನೆಯ ಏಪ್ರಿಲ್ ೫ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ವೆಲೆಸ್ಲಿ ನಡೆಸಿದ ದಾಳಿ ಕತ್ತಲಲ್ಲಿ ದಿಕ್ಕುಗೆಟ್ಟು ವಿಫಲವಾಯಿತು. ಈ ಸೋಲು ನಮಗೆ ಚೆನ್ನಾಗಿ ಗೊತ್ತಿರುವುದೇಕೆ? ಪಟ್ಟಣದ ಅಧಿಕಾರ ತನಗೆ ಬರಬೇಕಾಗಿತ್ತೆಂದು ಕುದಿಯುತ್ತಿದ್ದ ಬೇರ್ಡನಿಗೂ ಅವನ ಕಡೆಯವರಿಗೂ ಅದನ್ನು ಮುಚ್ಚಿಡುವ ಅಗತ್ಯವಿರಲಿಲ್ಲ. ೧೮೩೨ರಲ್ಲಿ ಥಿಯೊಡೋರ್ ಹುಕ್ ಬರೆದ ಬೇರ್ಡನ ಜೀವನಚರಿತ್ರೆ ಆ ಅಸಮಾಧಾನವನ್ನು ಅಚ್ಚಿಗೆ ತಂದಿತು. ಇಂಗ್ಲಿಷರು ತಮ್ಮತಮ್ಮೊಳಗೆ ಜಗಳವಾಡಿದಲ್ಲಿ ನಮಗೆ ಸತ್ಯದ ಸುಳಿವು ಸಿಕ್ಕಿದೆ. ಧೋಂಡಿಯನ ವಿಷಯದಲ್ಲಿ ಅವರೊಳಗೆ ಜಗಳವಿರಲಿಲ್ಲ.

ಒಂಟಿ ಸಾಕ್ಷಿಯ ಪರಿಣಾಮ ನಮ್ಮ ಬರೆಹಗಳ ಮೇಲೆ ಹೇಗಾಗಿದೆ ನೋಡೋಣ. ಧೋಂಡಿಯನು 'ಉಭಯಲೋಕಾಧೀಶ್ವರ' ಎಂಬ ಬಿರುದು ಧರಿಸಿದ್ದನೆಂದು ಪ್ರಸಿದ್ಧಿ. ಆಂಗ್ಲ ಜೀವನಚರಿತ್ರಕಾರರು ಇದನ್ನು ಎತ್ತುವುದು ನಗೆಗಾಗಿ: ಒಬ್ಬ ದರೋಡೆಗಾರನ ಬಡಾಯಿ ಎಷ್ಟರಮಟ್ಟಿಗಿತ್ತು ನೋಡಿರಿ, ಎಂದು. ನಮ್ಮ ಕನ್ನಡ ಲೇಖಕರು ಅದನ್ನೇ ಗೌರವದಿಂದ ಎತ್ತಿಕೊಂಡು, ಸ್ವಾತಂತ್ರ್ಯವೀರನ ಆತ್ಮಪ್ರತ್ಯಯಕ್ಕೆ ನಿದರ್ಶನವೆನ್ನುತ್ತಾರೆ. ಆಧಾರ ಎರಡು ಕಡೆಗೂ ಅದೇ; ಬದಲಾದದ್ದು ಧ್ವನಿ ಮಾತ್ರ. ಗೋಖಲೆಯ ರಕ್ತದಿಂದ ಮೀಸೆಗೆ ಬಣ್ಣ ಹಾಕುವೆನೆಂದು ಧೋಂಡಿಯನು ಶಪಥ ಮಾಡಿ ಹಾಗೆಯೇ ನಡೆದನೆಂಬ ಕಥೆಯ ಗತಿಯೂ ಇದೇ. ದುಃಶಾಸನನ ರಕ್ತದ ನೆನಪುಳ್ಳ ನಾಡಿನಲ್ಲಿ ಇಂಥ ಕಥೆಗೆ ಕಾಲು ಬರಲು ತಡವಾಗುವುದಿಲ್ಲ. ಇಂಗ್ಲಿಷ್ ಗ್ರಂಥದಲ್ಲಿ ಅದು ಕ್ರೌರ್ಯದ ಗುರುತು, ನಮ್ಮ ಪುಸ್ತಕದಲ್ಲಿ ಪೌರುಷದ ಗುರುತು. ಕಥೆಯನ್ನು ಹೇಳಿದವರಾರು, ಕೇಳಿದವರಾರು ಎಂಬ ವಿಚಾರಣೆ ಎರಡೂ ಕಡೆ ನಡೆದಿಲ್ಲ. ದರೋಡೆಗಾರನೆಂಬ ಹೆಸರನ್ನು ಅಳಿಸಿ ವೀರನೆಂಬ ಹೆಸರನ್ನು ಬರೆದರೆ ಇತಿಹಾಸ ತಿದ್ದಿದಂತಾಯಿತೆಂದು ಭಾವಿಸುವುದು ನಮ್ಮವರ ದೊಡ್ಡ ದೋಷ. ಎದುರಾಳಿಯ ಕಡತವನ್ನೇ ಓದಿ ಎದುರಾಳಿಯನ್ನು ಬೈದರೆ ಅದು ಸ್ವತಂತ್ರ ಸಂಶೋಧನೆಯಾಗದು.

ಹಾಗಾದರೆ ಆ ಪತ್ರಗಳನ್ನು ತಳ್ಳಿಬಿಡಬೇಕೆ? ನಮ್ಮ ಅಭಿಪ್ರಾಯ ಹಾಗಲ್ಲ. ಬರೆದವನು ಇತಿಹಾಸಕ್ಕೆಂದು ಬರೆಯದೆ ಇದ್ದ ಕಡೆಗಳಲ್ಲಿ ಅವು ಬಹಳ ಬೆಲೆಯುಳ್ಳವು. ಒಂದು ನಿದರ್ಶನ ಮನ್ರೋ. ಆಗ ಕನ್ನಡ ಜಿಲ್ಲೆಯಲ್ಲಿದ್ದ ಥಾಮಸ್ ಮನ್ರೋ ಗೆಳೆಯನ ಗೆಲವಿಗೆ ಸಂತೋಷಪಟ್ಟು ಬರೆದ ಕಾಗದದಲ್ಲಿ, ನೀವು ಅಡ್ಡ ಬಾರದಿದ್ದರೆ ಧೋಂಡಿಯನು ಹೊಸ ರಾಜವಂಶವೊಂದರ ಮೂಲಪುರುಷನಾಗಿಬಿಡುತ್ತಿದ್ದನೆಂಬ ಅಭಿಪ್ರಾಯ ಹಾಸ್ಯದ ನಡುವೆ ಬಂದಿದೆ. ಹಾಸ್ಯವೇನೋ ಹೌದು, ಆದರೆ ನಾಯಕತನದಿಂದ ಹೊರಟು ಮೈಸೂರನ್ನಾಳಿದ ಹೈದರನ ನೆನಪು ಆಗಿನ್ನೂ ಹಸಿಯಾಗಿತ್ತು. ದರೋಡೆಗಾರನಿಗೂ ದೊರೆಗೂ ಇದ್ದ ಅಂತರ ಒಂದು ಕಾಳಗದ ಫಲಿತಾಂಶದಷ್ಟೇ ಎಂಬುದನ್ನು ಮನ್ರೋ ಬಲ್ಲನು. ಸೇನಾನಿಯ ಅಧಿಕೃತ ವರದಿಗಿಂತ ಈ ಸಲಿಗೆಯ ಕಾಗದ ಹೆಚ್ಚು ನಿಜವನ್ನು ಹೇಳುತ್ತದೆ.

ಇದಕ್ಕಿಂತಲೂ ಮುಖ್ಯವಾದದ್ದು ಅಕ್ಕಿ ಮತ್ತು ಎತ್ತಿನ ವಿಚಾರ. ವೆಲೆಸ್ಲಿಯ ಆ ಕಾಲದ ಪತ್ರಗಳಲ್ಲಿ ಶೌರ್ಯದ ಪ್ರಸ್ತಾಪ ಕಡಮೆ; ಅಕ್ಕಿ ಎಷ್ಟಿದೆ, ಎತ್ತುಗಳು ಎಲ್ಲಿವೆ, ಹೊಳೆ ಎಷ್ಟು ಏರಿದೆ, ಹರಿಗೋಲು ಎಲ್ಲಿ ಸಿಕ್ಕೀತು ಎಂಬ ಚಿಂತೆಯೇ ಮೇಲಿಂದ ಮೇಲೆ. ಹೇರೆತ್ತುಗಳ ಮೇಲೆ ಧಾನ್ಯ ಹೊತ್ತು ದಂಡಿನ ಹಿಂದೆ ನಡೆಯುತ್ತಿದ್ದ ಲಂಬಾಣಿಗಳಿಲ್ಲದೆ ಕಂಪೆನಿಯ ಸೈನ್ಯ ಮುಂದಕ್ಕೆ ಹೆಜ್ಜೆಯಿಡಲಾಗುತ್ತಿರಲಿಲ್ಲ. ಫಿರಂಗಿಯ ಗಾಡಿಗಳನ್ನು ಎಳೆಯಲು ಮೈಸೂರಿನ ಎತ್ತುಗಳೇ ಬೇಕಾಗಿದ್ದವು. ಚಿಕ್ಕದೇವರಾಜರ ಕಾಲದ ಬೆಣ್ಣೆಚಾವಡಿಯಿಂದ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದು ಹೆಸರಾದ ಆ ತಳಿಯ ಕಥೆಯನ್ನು ರೈಸ್ ಅವರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಮನದಣಿಯೆ ಬರೆದಿದ್ದಾರೆ. ಮುಂದೆ ಸ್ಪೇನಿನ ಯುದ್ಧದಲ್ಲಿ ಈ ಎತ್ತುಗಳಿಲ್ಲವೆಂದು ಸೇನಾನಿ ಹಲುಬಿದನೆಂಬ ಮಾತೂ ಅಲ್ಲಿ ಬರುತ್ತದೆ. ೧೮೦೦ರ ಅನುಭವದಿಂದ ವೆಲೆಸ್ಲಿ ಮರಾಠರ ಸೀಮೆಯಲ್ಲಿ ಯುದ್ಧ ನಡೆಸುವ ಬಗೆಯನ್ನು ಕುರಿತು ಟಿಪ್ಪಣಿಯೊಂದನ್ನು ಬರೆದನು: ನದಿಗಳು ತುಂಬಿದ ಕಾಲವೇ ಯುದ್ಧಕ್ಕೆ ತಕ್ಕ ಕಾಲ, ಏಕೆಂದರೆ ದೋಣಿಯಿಲ್ಲದ ಕುದುರೆದಂಡು ಆಗ ಕಟ್ಟಿಹಾಕಿದಂತಾಗುತ್ತದೆ ಎಂಬುದು ಅದರ ಸಾರಾಂಶ. ಇದು ಮಲಪ್ರಭೆಯ ದಡ ಕಲಿಸಿದ ಪಾಠ.

ಆ ಪಾಠದ ಫಲ ೧೮೦೩ರಲ್ಲಿ ಕಂಡುಬಂದಿತು. ಮಾರ್ಚ್ ೯ರಂದು ಹರಿಹರದಿಂದ ಹೊರಟ ಸೈನ್ಯ ಏಪ್ರಿಲ್ ೨೦ರಂದು ಪುಣೆಯನ್ನು ಸೇರಿತು. ಕಡೆಯ ೬೦ ಮೈಲಿಗಳನ್ನು ಕುದುರೆ ಪಡೆ ೩೨ ಗಂಟೆಗಳಲ್ಲಿ ಕ್ರಮಿಸಿತು. ಸೆಪ್ಟೆಂಬರ್ ೨೩ರಂದು ಅಸಾಯೆಯಲ್ಲಿ ಸುಮಾರು ಒಂದೂವರೆ ಸಾವಿರ ಮಂದಿಯ ಸಾವುನೋವುಗಳ ಬೆಲೆ ತೆತ್ತು ಗೆದ್ದದ್ದನ್ನೇ ವೆಲಿಂಗ್ಟನ್ನನು ಮುಪ್ಪಿನಲ್ಲಿಯೂ ತನ್ನ ಯುದ್ಧಗಳಲ್ಲಿ ಅತ್ಯುತ್ತಮವೆಂದು ಎಣಿಸಿದನು. ಆ ದಂಡಿನಲ್ಲಿ ಬಿಷ್ಟಪ್ಪ ಪಂಡಿತನ ಕೈಕೆಳಗೆ ಎರಡು ಸಾವಿರಕ್ಕೂ ಮಿಕ್ಕ ಮೈಸೂರು ರಾವುತರಿದ್ದರು. ಹಿಂದೆ ನಿಂತು ಸಾಮಗ್ರಿ ಒದಗಿಸಿದವನು ದಿವಾನ್ ಪೂರ್ಣಯ್ಯ. ೧೭೯೯ರ ಒಪ್ಪಂದದಂತೆ ವರ್ಷಕ್ಕೆ ಏಳು ಲಕ್ಷ ಪಗೋಡ ಕೊಡುತ್ತಿದ್ದದ್ದೂ ಮೈಸೂರೇ. ಇದರಿಂದ ನಾವೊಂದು ಊಹೆಗೆ ಬರುತ್ತೇವೆ. ಟಿಪ್ಪುವಿನ ಸೈನ್ಯ ಚೆದುರಿದಾಗ ಕುದುರೆಯೊಂದೇ ಆಸ್ತಿಯಾಗಿದ್ದವರಿಗೆ ಎರಡು ದಾರಿಗಳಿದ್ದವು. ಒಂದು ಧೋಂಡಿಯನ ಕಡೆಗೆ, ಇನ್ನೊಂದು ಪೂರ್ಣಯ್ಯನ ಶಿಲೇದಾರ ಪಡೆಯ ಕಡೆಗೆ. ೧೮೦೦ರಲ್ಲಿ ಬೆನ್ನಟ್ಟಿಸಿಕೊಂಡವರೂ ೧೮೦೩ರಲ್ಲಿ ಕಂಪೆನಿಯ ಬೆನ್ನಿಗೆ ನಿಂತವರೂ ಒಂದೇ ಕಸುಬಿನವರು, ಬಹುಶಃ ಎಷ್ಟೋ ಕಡೆ ಒಂದೇ ಊರಿನವರು. ಧೋಂಡಿಯನ ಎಳೆಯ ಮಗ ಸಲಾಬತ್ ಖಾನನು ಪಾಳೆಯದ ಸಾಮಾನಿನ ನಡುವೆ ಸಿಕ್ಕಿದಾಗ ವೆಲೆಸ್ಲಿ ಅವನನ್ನು ಸಾಕಿದನು, ಊರು ಬಿಡುವಾಗ ಅವನ ಪಾಲನೆಗೆ ಹಣವಿಟ್ಟು ಹೋದನು. ಆ ಹುಡುಗ ಬೆಳೆದು ಮೈಸೂರು ಅರಸರ ಸೇವೆಗೆ ಸೇರಿ ೧೮೨೨ರಲ್ಲಿ ಕಾಲರಾ ತಗುಲಿ ತೀರಿಕೊಂಡನು. ಈ ದಯೆಯನ್ನು ಕೊಂಡಾಡದ ಜೀವನಚರಿತ್ರೆಯಿಲ್ಲ. ದಯೆ ನಿಜವೂ ಹೌದು. ತಂದೆಯ ಹಿಂದೆ ಬಂದಿದ್ದ ಸಾವಿರಾರು ಜನರ ಮಕ್ಕಳನ್ನು ಕುರಿತು ಅದೇ ಪುಟಗಳಲ್ಲಿ ಒಂದು ಸಾಲೂ ಇಲ್ಲ.

ಆಂಗ್ಲ ಲೇಖಕರು ಕರ್ನಾಟಕದ ಈ ವರ್ಷಗಳನ್ನು ವಾಟರ್ಲೂವಿಗೆ ಪೂರ್ವಸಿದ್ಧತೆಯೆಂದು ಬಣ್ಣಿಸುವುದು ವಾಡಿಕೆ. ಜ್ಯಾಕ್ ವೆಲರನ ೧೯೭೨ರ ಗ್ರಂಥದಂಥ ಶ್ರದ್ಧೆಯ ಕೃತಿಯ ದೃಷ್ಟಿಯೂ ಆ ಕಡೆಗೇ ವಾಲಿದೆ. ಸೇನಾನಿಯ ಬಾಳಿನ ದೃಷ್ಟಿಯಿಂದ ಇದು ಸರಿಯಿರಬಹುದು. ಡಂಬಳದ ಕೋಟೆಗೆ ಏಣಿ ಹಾಕಿದ ದಿನ ಆ ಊರಿನವರು ಯಾರ ಅಭ್ಯಾಸಕ್ಕೂ ಮೈದಾನವಾಗಿರಲಿಲ್ಲ.

ವಿದ್ಯಾರ್ಥಿನಿಯ ಪ್ರಶ್ನೆಗೆ ಈಗ ನಾವು ಕೊಡಬಹುದಾದ ಉತ್ತರ ಇಷ್ಟು. ಧೋಂಡಿಯನ ಕಡೆಯವರ ಬರೆಹವನ್ನು ಕಾಯುತ್ತ ಕುಳಿತುಕೊಳ್ಳಬೇಕಾಗಿಲ್ಲ. ಇಂಗ್ಲಿಷರದಲ್ಲದ ಸಾಕ್ಷಿಗಳನ್ನು ಹುಡುಕುವ ದಾರಿ ತೆರೆದೇ ಇದೆ. ಗೋಖಲೆಯೊಡನೆ ಕಣದಲ್ಲಿದ್ದ ಪಟವರ್ಧನ ಮನೆತನದ ಪತ್ರಗಳನ್ನು ವಾಸುದೇವ ಶಾಸ್ತ್ರಿ ಖರೆಯವರು ಸಂಪುಟ ಸಂಪುಟವಾಗಿ ಮರಾಠಿಯಲ್ಲಿ ಪ್ರಕಟಿಸಿದ್ದಾರೆ. ಪುಣೆಯ ಪೇಶ್ವೆ ದಫ್ತರದ ಮೋಡಿ ಕಾಗದಗಳಿವೆ. ಮೆಕೆಂಜಿಯ ಕಾಲದಲ್ಲಿ ಬರೆಯಿಸಿದ ಊರೂರುಗಳ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ೧೯೯೪ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಹೊರತಂದಿದ್ದಾರೆ. ನಮ್ಮ ಎಂ.ಎ. ತರಗತಿಗಳಲ್ಲಿ ಮರಾಠಿಯನ್ನೋ ಮೋಡಿಲಿಪಿಯನ್ನೋ ಕಲಿಯುವವರು ಬೆರಳೆಣಿಕೆಗೂ ಸಿಕ್ಕುವುದಿಲ್ಲ. ಫಾರಸಿಯ ಮಾತಂತೂ ಬೇಡ. ಈ ಪತ್ರಿಕೆಯ ಓದುಗರಲ್ಲಿ ಯಾರಾದರೂ ಕೆಲಸಕ್ಕೆ ತೊಡಗುವುದಾದರೆ ಜೂನ್ ೩೦ರ ಕಾಳಗದಿಂದ ಆರಂಭಿಸುವುದು ಒಳ್ಳೆಯದೆಂದು ನಮಗೆ ತೋರುತ್ತದೆ. ಆ ದಿನ ವೆಲೆಸ್ಲಿ ಅಲ್ಲಿರಲಿಲ್ಲ.