ಅರ್ಥಕ್ಕೂ ಮೊದಲು ನೋಟ: ಅಮೂರ್ತ ಚಿತ್ರದಲ್ಲಿ ಆಕಾರ ಮತ್ತು ವರ್ಣದ ಸಮತೋಲ

ನಮ್ಮ ದೇವಾಲಯಗಳ ಚಿತ್ರಗಳು ಬಹುಮಟ್ಟಿಗೆ ಕಥನಚಿತ್ರಗಳು. ಶಿಲುಬೆಹಾದಿಯ ಹದಿನಾಲ್ಕು ಸ್ಥಳಗಳ ಮುಂದೆ ನಿಂತ ಭಕ್ತನಿಗೆ ಅಲ್ಲಿರುವವರು ಯಾರು, ನಡೆದದ್ದೇನು ಎಂಬುದು ಕೂಡಲೇ ತಿಳಿಯುತ್ತದೆ. ಅಮೂರ್ತ ಚಿತ್ರದಲ್ಲಿ ಆ ಆಸರೆಯಿಲ್ಲ. ಆದುದರಿಂದಲೇ ನಮ್ಮಲ್ಲಿ ಹಲವರು ಅದರ ಮುಂದೆ ನಿಂತು “ಇದರ ಅರ್ಥವೇನು?” ಎಂದು ಕೇಳಿ, ಉತ್ತರ ಸಿಗದಾಗ ಮುಂದೆ ಸಾಗಿಬಿಡುತ್ತೇವೆ. ಪ್ರಶ್ನೆ ತಪ್ಪಲ್ಲ, ಆದರೆ ಅದು ಮೊದಲ ಪ್ರಶ್ನೆಯಾಗಬಾರದು.

ಅಮೂರ್ತ ಕಲೆ ಪರದೇಶದ ಸರಕೆಂದು ಭಾವಿಸುವವರು ದರೋಜಿಯ ಸೀಮೆಯಲ್ಲೊಮ್ಮೆ ಕಣ್ಣು ಹಾಯಿಸಬೇಕು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಸಭೆಯ ವೇಳೆ 450ಕ್ಕೂ ಹೆಚ್ಚು ಮಹಿಳೆಯರ ಕೈಯಿಂದ ಮೂಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಎಣಿಕೆ ಮುಗಿದ ಮೇಲೂ ನೋಡುವ ಕೆಲಸ ಉಳಿಯುತ್ತದೆ. ಆ ಬಟ್ಟೆಯ ಮೇಲೆ ಚೌಕ, ತ್ರಿಕೋನ, ಗೆರೆ, ಕವಡೆ, ಕನ್ನಡಿಚೂರುಗಳಿವೆ. ಅವು ಕಥೆ ಹೇಳುವುದಿಲ್ಲ. ಕೆಂಪಿನ ವಿಸ್ತಾರದ ನಡುವೆ ಹಳದಿಯ ಸಣ್ಣ ತುಂಡು, ಅದರೊಳಗೊಂದು ಕನ್ನಡಿ: ಗಾತ್ರದಲ್ಲಿ ಕಿರಿದಾದುದು ಹೊಳಪಿನಿಂದ ತೂಕ ಪಡೆದು ಇಡೀ ಕೆಂಪನ್ನು ಹಿಡಿದು ನಿಲ್ಲಿಸುತ್ತದೆ. ಎರಡು ಬದಿಗಳು ಒಂದೇ ಬಗೆಯಾಗಿದ್ದ ಮಾತ್ರಕ್ಕೆ ಸಮತೋಲವಾಗದು. ಇಲ್ಲಿನ ಗುಡ್ಡಗಳಲ್ಲಿ ಬಂಡೆಯ ಮೇಲೆ ಬಂಡೆ ಕುಳಿತಿರುವುದನ್ನು ನೋಡಿ; ಒಂದು ಇನ್ನೊಂದರ ಪಡಿಯಚ್ಚಲ್ಲ, ಆದರೂ ಒಂದರ ಭಾರವನ್ನು ಇನ್ನೊಂದು ಹೊತ್ತಿದೆ.

ಬಣ್ಣದ ನೂಲಿನ ಈ ಕೆಲಸ ಶ್ರೀಗ್ರಂಥಕ್ಕೆ ಅಪರಿಚಿತವಲ್ಲ. ವಿಮೋಚನಕಾಂಡದಲ್ಲಿ ದೇವದರ್ಶನದ ಗುಡಾರದ ಪರದೆಗಳಿಗೆ ನೀಲಿ, ಊದಾ, ಕಡುಗೆಂಪು ನೂಲುಗಳನ್ನು ಗೊತ್ತುಪಡಿಸಲಾಗಿದೆ; ಆ ಕೆಲಸಕ್ಕಾಗಿ ಕುಶಲಕರ್ಮಿ ಬೆಚಲೇಲನನ್ನು ದೇವರು ತಮ್ಮ ಆತ್ಮದಿಂದ ತುಂಬಿದರೆಂದು 31ನೇ ಅಧ್ಯಾಯ ತಿಳಿಸುತ್ತದೆ. ವರ್ಣಗಳನ್ನು ಹೊಂದಿಸುವ ವಿವೇಕವೂ ಅಲ್ಲಿ ಆತ್ಮದ ವರವೇ.

ಆಧುನಿಕ ಚಿತ್ರಕಲೆಯಲ್ಲಿ ಈ ವಿವೇಕದ ಎರಡು ದಾರಿಗಳನ್ನು ಗಮನಿಸಬಹುದು. ಎಸ್. ಎಚ್. ರಜಾ (1922–2016) ಅವರ ‘ಬಿಂದು’ ಚಿತ್ರಗಳಲ್ಲಿ ಆಕಾರವೇ ಯಜಮಾನ. ಕಪ್ಪು ವೃತ್ತ ಕಣ್ಣನ್ನು ನಡುವಿಗೆ ಸೆಳೆಯುತ್ತದೆ. ಸುತ್ತಲಿನ ಕೆಂಪು, ಹಳದಿ, ನೀಲಿ ಪಟ್ಟಿಗಳು ಅದನ್ನು ಅಂಚಿನತ್ತ ಮರಳಿ ಕಳುಹಿಸುತ್ತವೆ. ಈ ಹೋಗಿಬರುವಿಕೆಯೇ ಚಿತ್ರದ ಉಸಿರು. ಎಲ್ಲವೂ ಅಚ್ಚುಕಟ್ಟಾದಲ್ಲಿ ಆ ಉಸಿರು ನಿಂತು ಚಿತ್ರ ಕೇವಲ ಅಲಂಕಾರವಾಗುವ ಅಪಾಯವೂ ಅಲ್ಲಿದೆ.

ಮಾರ್ಕ್ ರಾಥ್ಕೊ ಹಿಡಿದ ದಾರಿ ಬೇರೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ 1971ರಲ್ಲಿ ತೆರೆದ ಎಂಟು ಮೂಲೆಗಳ ಪ್ರಾರ್ಥನಾಲಯದಲ್ಲಿ ಅವರ 14 ಬೃಹತ್ ಚಿತ್ರಗಳಿವೆ. ಅದನ್ನು ಮೊದಲು ಕಥೋಲಿಕ ಪ್ರಾರ್ಥನಾಲಯವಾಗಿ ಯೋಜಿಸಲಾಗಿತ್ತು. ಬಳಿಕ ಅದು ಎಲ್ಲ ಧರ್ಮದವರಿಗೂ ತೆರೆದ ಸ್ಥಳವಾಯಿತು. ಏಳು ಚಿತ್ರಗಳಲ್ಲಿ ಕಂದುಗೆಂಪಿನ ಮೇಲೆ ಕಪ್ಪು ಆಯತಗಳು; ಉಳಿದ ಏಳರಲ್ಲಿ ಆಕಾರವೂ ಕರಗಿ ಊದಾ ಬಣ್ಣದ ಛಾಯೆಗಳಷ್ಟೇ. ಥಟ್ಟನೆ ನೋಡಿದವರಿಗೆ ಅದು ಬರೀ ಕತ್ತಲೆ. ತಾಳ್ಮೆಯಿಂದ ನಿಂತವರಿಗೆ ಕಪ್ಪಿನೊಳಗಿನ ಕೆಂಪು, ಊದಾದೊಳಗಿನ ಏರಿಳಿತ ಮೆಲ್ಲಗೆ ತೆರೆದುಕೊಳ್ಳುತ್ತವೆ. ದೇವರನ್ನು ‘ಇಂಥವರು’ ಎನ್ನುವುದಕ್ಕಿಂತ ‘ಇಷ್ಟೇ ಅಲ್ಲ’ ಎನ್ನುತ್ತಾ ಸಾಗುವ ದೈವಶಾಸ್ತ್ರದ ನಿಷೇಧಮಾರ್ಗಕ್ಕೆ ಇದು ಸಮೀಪದ್ದು.

ಆದರೆ ಇಲ್ಲಿಗೇ ನಿಲ್ಲಲಾಗದು. ವಾಕ್ಯವಾದವರು ನರಮಾಂಸ ಧರಿಸಿ ಬಂದುದರಿಂದಲೇ ಕ್ರಿಸ್ತರ ಮುಖವನ್ನು ಚಿತ್ರಿಸಬಹುದು ಎಂಬುದು 787ರ ಎರಡನೇ ನೈಸಿಯ ಮಹಾಸಭೆಯ ನಿಲುವಿನ ತಿರುಳು. ಬಣ್ಣದ ಯಾವ ಮೌನವೂ ಆ ಮುಖದ ಸ್ಥಾನವನ್ನು ತುಂಬಲಾರದು. ಪೀಠದ ಬಳಿ ಶಿಲುಬೆಗೇರಿದ ಪ್ರಭುವಿನ ಪ್ರತಿಮೆಯೇ ಇರಬೇಕು. ಅದೇ ವೇಳೆ, ಧರ್ಮಸಭೆ ಯಾವ ಒಂದು ಕಲಾಶೈಲಿಯನ್ನೂ ತನ್ನದೇ ಎಂದು ಸ್ವೀಕರಿಸಿಲ್ಲವೆಂದು 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ದೈವಾರಾಧನೆಯ ಕುರಿತ ತನ್ನ ಸಂವಿಧಾನದಲ್ಲಿ ಸ್ಪಷ್ಟಪಡಿಸಿದೆ. ಹಾಗಾಗಿ ಧ್ಯಾನಕೋಣೆಯ ಗೋಡೆಯಲ್ಲಿ, ಕಿಟಕಿಯ ಗಾಜಿನಲ್ಲಿ ಅಮೂರ್ತ ಕಲೆಗೆ ಎಡೆಯಿದೆ. ಅದು ಶುಭಸಂದೇಶವನ್ನು ಸಾರುವುದಿಲ್ಲ. ಅದನ್ನು ಕೇಳಿಸಿಕೊಳ್ಳಬೇಕಾದ ಮನಸ್ಸನ್ನು ಹದಗೊಳಿಸುತ್ತದೆ.

ಗುರುಅಭ್ಯರ್ಥಿಗಳಿಗೆ ಒಂದು ಸಾಧನೆಯನ್ನು ಸೂಚಿಸಬಹುದು. ಒಂದು ಅಮೂರ್ತ ಚಿತ್ರದ ಮುಂದೆ, ಅದು ಸಿಗದಿದ್ದರೆ ಒಂದು ಲಂಬಾಣಿ ಕಸೂತಿಯ ಮುಂದೆ, ಹತ್ತು ನಿಮಿಷ ಕುಳಿತುಕೊಳ್ಳಿ. ಕಣ್ಣು ಮೊದಲು ಎಲ್ಲಿ ಬಿತ್ತು? ಅಲ್ಲಿಂದ ಎತ್ತ ಹೊರಟಿತು? ಈ ಒಂದು ಬಣ್ಣವನ್ನು ತೆಗೆದರೆ ಯಾವ ಆಕಾರ ಕುಸಿಯುತ್ತದೆ? ಇವಕ್ಕೆಲ್ಲ ಉತ್ತರ ಕಂಡುಕೊಂಡ ಬಳಿಕವೇ ಅರ್ಥದ ಪ್ರಶ್ನೆಯನ್ನು ಎತ್ತಿರಿ.

ಗುರುಮಠದಲ್ಲಿ ನಾವು ಅರ್ಥ ಹೇಳುವ ವಿದ್ಯೆಯನ್ನು ವರ್ಷಗಟ್ಟಲೆ ಕಲಿಯುತ್ತೇವೆ. ನಾಳೆ ರೋಗಿಯ ಹಾಸಿಗೆಯ ಬಳಿ, ಮಗುವನ್ನು ಕಳೆದುಕೊಂಡ ಮನೆಯಲ್ಲಿ, ಪಾಪನಿವೇದನೆಯ ಪೀಠದಲ್ಲಿ ಅವಸರದ ಅರ್ಥ ಗಾಯವನ್ನು ಇನ್ನಷ್ಟು ಕೆದಕಬಹುದು. ಎದುರಿಗಿರುವವರ ದುಃಖಕ್ಕೆ ವಿವರಣೆ ನೀಡುವ ಮುನ್ನ ಅವರನ್ನು ಪೂರ್ತಿಯಾಗಿ ನೋಡಬಲ್ಲ ಗುರು ಬೇಕು. ಆ ನೋಟದ ಅಭ್ಯಾಸವನ್ನು ಬಣ್ಣದ ಒಂದು ಚೌಕದ ಮುಂದೆ ಆರಂಭಿಸಿದರೂ ಅದು ವ್ಯರ್ಥವಾಗದು.